ನಮ್ಮ ಕುದುರೆ ಮೇಡಂ

ಪಿಯುಸಿಯಲ್ಲಿ ನಮಗೆ ಫಿಸಿಕ್ಸ್ ಹೇಳಿಕೊಟ್ಟ ಮೇಡಂಗೆ ಇಡೀ ಕಾಲೇಜು ಇಟ್ಟಿದ್ದ ಹೆಸರು ‘ಕುದುರೆ ಮೇಡಂ’. ಆ ಹೆಸರು ಅವರಿಗೂ ಗೊತ್ತಿತ್ತು. ಹಿಂದಿನ ಬೆಂಚಿನಿಂದ ಯಾರಾದರೂ ಕುದುರೆ ಕೆನೆದ ಹಾಗೆ ಸದ್ದು ಮಾಡಿದರೆ ಬೋರ್ಡಿನ ಕಡೆಯಿಂದ ನಿಧಾನವಾಗಿ ತಿರುಗಿ, “ಇದು ಹಸಿದ ಕುದುರೆ ಕೂಗೋ ರೀತಿ ಅಲ್ಲಪ್ಪ, ಮರಿ ಕಾಣದೆ ಇದ್ದಾಗ ತಾಯಿ ಕೂಗೋ ರೀತಿ. ನಿಂಗೆ ಯಾವುದು ಬೇಕಿತ್ತು?” ಅನ್ನುತ್ತಿದ್ದರು. ಕೋಪವೇ ಇಲ್ಲದ ಪ್ರಶ್ನೆ. ಕೆನೆಯುವವರು ಎರಡು ವಾರದಲ್ಲಿ ತಾವಾಗಿಯೇ ನಿಲ್ಲಿಸಿದರು.

ಶಿಕ್ಷಕರ ದಿನ ಬಂತೆಂದರೆ ನಮ್ಮ ಹಳೇ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಗುಲಾಬಿ ಹೂವು, ಸರ್ವಪಲ್ಲಿ ರಾಧಾಕೃಷ್ಣನ್ ಅವರ ಫೋಟೋ, ಕೈಮುಗಿದ ಇಮೋಜಿ ಎಲ್ಲ ಶುರುವಾಗುತ್ತೆ. ಯಾರೋ ಒಬ್ಬರು ಮೇಡಂ ಫೋಟೋ ಹಾಕುತ್ತಾರೆ. ಹಾಗಾಗಿ ಈ ವಾರದ ಅಂಕಣ ಅವರ ಬಗ್ಗೆ. ಹೆಸರು ಬರೆಯುವುದಿಲ್ಲ. ಅವರ ಮನೆಯವರು ಇನ್ನೂ ಅದೇ ಊರಿನಲ್ಲಿದ್ದಾರೆ. ಮತ್ತೆ, ಹೆಸರು ಬರೆದರೆ ಇದು ಶ್ರದ್ಧಾಂಜಲಿ ಆಗಿಬಿಡುತ್ತೆ. ಶ್ರದ್ಧಾಂಜಲಿ ಸಭೆ ಒಂದು ಆಗಲೇ ಆಗಿದೆ, ಅದರ ಬಗ್ಗೆ ನನ್ನ ತಕರಾರೂ ಇದೆ. ಅದನ್ನು ಆಮೇಲೆ ಹೇಳುತ್ತೇನೆ.

ಊರು ಕುಣಿಗಲ್. ಹೊರಗಿನವರಿಗೆ ಕುಣಿಗಲ್ ಅಂದರೆ ಮೊದಲು ನೆನಪಾಗುವುದು ಕೆರೆ, ಜನಪದ ಹಾಡಿನ ದೆಸೆಯಿಂದ. ಎರಡನೆಯದು ಕುದುರೆ ಫಾರಂ. ನಾನೂರು ಎಕರೆಗೂ ಮೀರಿದ ಜಾಗ, ಹಳೇ ಮರಗಳು, ಬಿಳಿ ಬೇಲಿ, ಅದರ ಆಚೆ ಹುಲ್ಲು ಮೇಯುವ ಥರೋಬ್ರೆಡ್ ಕುದುರೆಗಳು. ಟಿಪ್ಪು ಸುಲ್ತಾನ್ ತನ್ನ ಸೈನ್ಯಕ್ಕೆ ಕುದುರೆ ಸಾಕಲು ಶುರುಮಾಡಿದ್ದು ಅಂತ ಊರಿನ ಪ್ರತಿ ಮಗುವಿಗೂ ಗೊತ್ತು. ಆಮೇಲೆ ಅದು ರೇಸ್ ಕುದುರೆಗಳ ಫಾರಂ ಆಯಿತು. ಬಸ್ಸಿನಲ್ಲಿ ಹೋಗುವಾಗ ಬೇಲಿಯಾಚೆ ಮರಿಯೊಂದು ತಾಯಿಯ ಸುತ್ತ ಓಡುವುದು ಕಂಡರೆ ಆ ದಿನ ಒಳ್ಳೆಯದಾಗುತ್ತೆ ಅಂತ ನಮ್ಮಲ್ಲಿ ಕೆಲವರು ನಂಬುತ್ತಿದ್ದೆವು, ಅದರಲ್ಲೂ ಪರೀಕ್ಷೆ ದಿನ.

ಮೇಡಂ ಅವರ ತಂದೆ ಕುದುರೆ ಲಾಯದಲ್ಲಿ ಸೈಸ್ ಆಗಿದ್ದರು. ಸೈಸ್ ಅಂದರೆ ಕುದುರೆಯನ್ನು ತಿಕ್ಕಿ ತೊಳೆದು, ಮೇವು ಹಾಕಿ, ಲಾಯ ಗುಡಿಸಿ, ರಾತ್ರಿ ಕಾವಲಿದ್ದು ಸಾಕುವವನು. ರೇಸ್ ಗೆದ್ದ ಫೋಟೋದಲ್ಲಿ ಮಾಲೀಕ ಇರುತ್ತಾನೆ, ಜಾಕಿ ಇರುತ್ತಾನೆ, ತರಬೇತುದಾರ ಇರುತ್ತಾನೆ. ಲಗಾಮು ಹಿಡಿದು ಪಕ್ಕದಲ್ಲಿ ನಿಂತಿರುತ್ತಾನಲ್ಲ, ಹೆಸರು ಹಾಕದೆ ಇರುವವನು, ಅವನೇ. ನಮ್ಮ ಕ್ಲಾಸಿನ ಹುಡುಗನೊಬ್ಬ ಒಮ್ಮೆ ಕೇಳಿದ್ದ, “ಮೇಡಂ, ನೀವು ಕುದುರೆ ಓಡಿಸ್ತೀರಾ?” ಮೇಡಂ ನಕ್ಕರು. “ಕುದುರೆ ಹತ್ತೋರ ಮನೆ ಬೇರೆ, ಕುದುರೆ ಸಾಕೋರ ಮನೆ ಬೇರೆ ಕಣಪ್ಪ. ಒಂದ್ಸಲಾನೂ ಹತ್ತಿಲ್ಲ.” ಅಷ್ಟು ಹೇಳಿ ಪಾಠಕ್ಕೆ ಹೋದರು. ಆಗ ನನಗೆ ಅದು ಬರೀ ಉತ್ತರ. ಈಗ ಯೋಚಿಸಿದರೆ ಆ ಒಂದು ಮಾತಿನಲ್ಲಿ ಅವರ ಇಡೀ ಬಾಲ್ಯ ಇತ್ತು.

ಆ ಬಾಲ್ಯವನ್ನು ಅವರು ತುಂಡು ತುಂಡಾಗಿ ಪಾಠದ ನಡುವೆ ಹೇಳುತ್ತಿದ್ದರು. ಹೆಣ್ಣುಕುದುರೆ ಹನ್ನೊಂದು ತಿಂಗಳು ಹೊರುತ್ತೆ. ಮರಿ ಹಾಕುವುದು ಹೆಚ್ಚಾಗಿ ರಾತ್ರಿಯಲ್ಲಿ, ಸುತ್ತಮುತ್ತ ಸದ್ದಡಗಿದ ಮೇಲೆ. ಇನ್ನೊಂದೆರಡು ದಿನ ಇದೆ ಅನ್ನುವಾಗ ಮೊಲೆತೊಟ್ಟಿನ ತುದಿಯಲ್ಲಿ ಮೇಣದಂಥ ಹನಿ ಕಟ್ಟುತ್ತೆ. ಅದನ್ನು ನೋಡಿದ ರಾತ್ರಿಯಿಂದ ಅಪ್ಪ ಮನೆಗೆ ಬರುತ್ತಿರಲಿಲ್ಲವಂತೆ. ಇವರು ಬುತ್ತಿ ತೆಗೆದುಕೊಂಡು ಹೋಗಿ, ಲಾಯದ ಹೊರಗಿನ ದೀಪದ ಕೆಳಗೆ ಕೂತು ಲೆಕ್ಕ ಮಾಡುತ್ತಿದ್ದರು. ಹುಟ್ಟಿದ ಮರಿ ಒಂದೆರಡು ಗಂಟೆಯೊಳಗೆ ಎದ್ದು ನಿಲ್ಲಬೇಕು. ಮೂರು ಗಂಟೆಯೊಳಗೆ ತಾಯಿಯ ಮಾಸು ಬೀಳಬೇಕು. ಬೀಳದಿದ್ದರೆ ಡಾಕ್ಟರಿಗೆ ಹೇಳಿಕಳಿಸಬೇಕು. “ನಂಗೆ ಗಡಿಯಾರ ನೋಡೋಕೆ ಬಂದಿದ್ದೇ ಕುದುರೆ ಹೆರಿಗೆಯಿಂದ” ಅನ್ನುತ್ತಿದ್ದರು.

ನಮ್ಮ ದೇಶದ ಥರೋಬ್ರೆಡ್ ಕುದುರೆಗಳಿಗೆಲ್ಲ ಲೆಕ್ಕಕ್ಕೆ ಜನವರಿ 1ರಂದೇ ಹುಟ್ಟುಹಬ್ಬ ಅಂತ ಅವರೇ ಹೇಳಿದ್ದು. ಯಾವ ತಿಂಗಳಲ್ಲಿ ಹುಟ್ಟಿದರೂ ಹೊಸ ವರ್ಷ ಬಂದ ಕೂಡಲೇ ಒಂದು ವರ್ಷ ದೊಡ್ಡದಾಗುತ್ತೆ. ನಮ್ಮ ಶಾಲೆಗಳಲ್ಲಿ ಎಲ್ಲರಿಗೂ ಜೂನ್ 1 ಅಂತ ಬರೆಸುತ್ತಿದ್ದರಲ್ಲ, ಹಂಗೆ. ಮೇಡಂ ಹುಟ್ಟಿದ ದಿನವೂ ದಾಖಲೆಯಲ್ಲಿ ಜೂನ್ 1 ಇತ್ತು. “ನಾನೂ ಥರೋಬ್ರೆಡ್ಡೇ” ಅಂತ ಜೋಕ್ ಮಾಡುತ್ತಿದ್ದರು.

ಪಾಠದ ಬಗ್ಗೆ ಹೇಳದಿದ್ದರೆ ಅನ್ಯಾಯ. ನ್ಯೂಟನ್ನನ ಮೂರನೇ ನಿಯಮ ಓದಿದವರಿಗೆಲ್ಲ ಕುದುರೆ-ಗಾಡಿ ಸಮಸ್ಯೆ ಗೊತ್ತಿರುತ್ತೆ. ಕುದುರೆ ಗಾಡಿಯನ್ನು ಎಷ್ಟು ಬಲದಿಂದ ಮುಂದಕ್ಕೆ ಎಳೆಯುತ್ತೋ, ಗಾಡಿ ಕುದುರೆಯನ್ನು ಅಷ್ಟೇ ಬಲದಿಂದ ಹಿಂದಕ್ಕೆ ಎಳೆಯುತ್ತೆ. ಹಾಗಿದ್ದ ಮೇಲೆ ಗಾಡಿ ಚಲಿಸುವುದು ಹೇಗೆ? ಬೇರೆ ಸೆಕ್ಷನ್ನಿನಲ್ಲಿ ಇದನ್ನು ಐದು ನಿಮಿಷದಲ್ಲಿ ಚಿತ್ರ ಬರೆದು ಮುಗಿಸಿದರು. ನಮ್ಮ ಮೇಡಂ ಇಬ್ಬರು ಹುಡುಗರನ್ನು ಕರೆದು, ಒಬ್ಬನಿಗೆ ಶೂ ಬಿಚ್ಚಿಸಿ ಸಾಕ್ಸಿನಲ್ಲಿ ನುಣುಪು ನೆಲದ ಮೇಲೆ ನಿಲ್ಲಿಸಿ, ಇನ್ನೊಬ್ಬನನ್ನು ಎಳಿ ಅಂದರು. ಎಳೆದವನೇ ಜಾರಿಕೊಂಡು ಹೋದ. ಶೂ ಹಾಕಿಸಿ ಎಳೆಸಿದರು, ಎಳೆದ. “ಗಾಡಿ ಎಳೆಯೋದು ಕುದುರೆಯ ಎದೆಯಲ್ಲ, ಗೊರಸು. ನೆಲವನ್ನ ಹಿಂದಕ್ಕೆ ತಳ್ಳುತ್ತೆ, ನೆಲ ಅದನ್ನ ಮುಂದಕ್ಕೆ ತಳ್ಳುತ್ತೆ. ನೆಲ ಜೊತೆಗಿಲ್ಲ ಅಂದ್ರೆ ಎಂಥ ಕುದುರೆಯಾದ್ರೂ ಅಷ್ಟೆ.” ಇಂಜಿನಿಯರಿಂಗ್ ನಾಲ್ಕು ವರ್ಷ ಓದಿದೆ, ಘರ್ಷಣೆ ಅನ್ನುವ ಪದ ಕೇಳಿದಾಗೆಲ್ಲ ನನಗೆ ಕಾಣುವುದು ಆ ಹುಡುಗನ ಬಿಳಿ ಸಾಕ್ಸ್.

ಅಶ್ವಶಕ್ತಿಯ ಪಾಠವನ್ನು ಅವರು ಶುರುಮಾಡಿದ್ದು, “ನಿಮ್ಮ ತೋಟದ ಮೋಟ್ರು ಎಷ್ಟು ಹೆಚ್.ಪಿ.?” ಅಂತ. ಐದು, ಏಳೂವರೆ, ಹತ್ತು ಅಂತ ಎಲ್ಲ ಕಡೆಯಿಂದ ಉತ್ತರ. ತೆಂಗಿನ ತೋಟದ ಸೀಮೆಯ ಮಕ್ಕಳಿಗೆ ಮೋಟಾರಿನ ಹೆಚ್.ಪಿ. ಗೊತ್ತಿಲ್ಲದೆ ಇರುತ್ತಾ? ಆಮೇಲೆ ಜೇಮ್ಸ್ ವಾಟ್ ಕತೆ. ತನ್ನ ಉಗಿಯಂತ್ರ ಮಾರಬೇಕಾದರೆ ಅದು ಎಷ್ಟು ಕುದುರೆಗೆ ಸಮ ಅಂತ ಗಿರಾಕಿಗೆ ಹೇಳಬೇಕಿತ್ತು. ನಿಮಿಷಕ್ಕೆ 33,000 ಪೌಂಡ್ ತೂಕವನ್ನು ಒಂದು ಅಡಿ ಎತ್ತುವಷ್ಟು ಕೆಲಸ ಅಂತ ಅವನು ಲೆಕ್ಕ ಹಿಡಿದ. ಈಗಿನ ಲೆಕ್ಕದಲ್ಲಿ 746 ವ್ಯಾಟ್. ನಾವು 746 ಅಂತ ಬರೆದುಕೊಳ್ಳುತ್ತಿದ್ದರೆ ಮೇಡಂ ಹೇಳಿದ್ದು: “ಇದು ಕುದುರೆಯ ಶಕ್ತಿ ಅಲ್ಲ, ನೆನಪಿಟ್ಕೊಳ್ಳಿ. ಕುದುರೆ ಇಡೀ ದಿನ ದುಡಿಯೋ ಲೆಕ್ಕ. ಒಂದು ಗಳಿಗೆಗೆ ಅಂದ್ರೆ ಅದು ಇದರ ಹತ್ತು ಪಟ್ಟು ತೆಗೆಯುತ್ತೆ. ದುಡಿಯೋರ ಅಳತೆಯನ್ನ ಯಾವಾಗ್ಲೂ ದುಡಿಸೋರೇ ಬರೆಯೋದು.”

ಓಡುವ ಕುದುರೆಯ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುತ್ತವಾ ಅನ್ನುವ ಹಳೇ ಜಗಳದ ಬಗ್ಗೆ ಒಂದು ಪೂರ್ತಿ ಪೀರಿಯಡ್ ಹೋಯಿತು. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಅನ್ನುವ ಫೋಟೋಗ್ರಾಫರ್ ಓಡುದಾರಿಯ ಪಕ್ಕ ಸಾಲಾಗಿ ಕ್ಯಾಮೆರಾ ಇಟ್ಟು ಅದನ್ನು ತೀರ್ಮಾನ ಮಾಡಿದ. ಹೌದು, ಬಿಡುತ್ತವೆ. ಆದರೆ ಚಿತ್ರಕಾರರು ಬರೆಯುತ್ತಿದ್ದ ಹಾಗೆ ಮುಂಗಾಲು ಮುಂದಕ್ಕೆ ಹಿಂಗಾಲು ಹಿಂದಕ್ಕೆ ಚಾಚಿದಾಗ ಅಲ್ಲ, ನಾಲ್ಕೂ ಹೊಟ್ಟೆಯ ಕೆಳಗೆ ಮಡಚಿಕೊಂಡಾಗ. “ನಮ್ಮಪ್ಪ ಇದನ್ನ ಕ್ಯಾಮೆರಾ ಇಲ್ಲದೇ ಹೇಳೋರು. ಶಬ್ದ ಕೇಳಿದ್ರೆ ಗೊತ್ತಾಗುತ್ತೆ, ಗೊರಸು ಬಿದ್ದ ಸದ್ದು, ಸದ್ದು, ಸದ್ದು, ಆಮೇಲೆ ಒಂದು ಚೂರು ಖಾಲಿ. ಆ ಖಾಲಿಯಲ್ಲೇ ಅದು ಹಾರ್ತಿರೋದು.” ಮೇಜಿನ ಮೇಲೆ ಬೆರಳಿನಿಂದ ಬಡಿದು ತೋರಿಸಿದರು. ಸಿಲಬಸ್ಸಿನಲ್ಲಿ ಇರಲಿಲ್ಲ. ಪರೀಕ್ಷೆಗೂ ಬರಲಿಲ್ಲ.

ಅವರ ನಡವಳಿಕೆಯಲ್ಲೂ ಲಾಯ ಇತ್ತು. ಕುದುರೆಯ ಕಣ್ಣು ತಲೆಯ ಎರಡೂ ಪಕ್ಕದಲ್ಲಿರುವುದರಿಂದ ಅದಕ್ಕೆ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತೆ, ಮೂಗಿನ ನೇರಕ್ಕೆ ಒಂದಿಷ್ಟು ಮತ್ತು ಸರಿಯಾಗಿ ಬೆನ್ನ ಹಿಂದೆ ಒಂದಿಷ್ಟು ಬಿಟ್ಟು. ಅದಕ್ಕೇ ಹಿಂದಿನಿಂದ ಹೋಗಬಾರದು. ಭುಜದ ಕಡೆಯಿಂದ, ಮಾತಾಡಿಕೊಂಡು ಹೋಗಬೇಕು. ಮೇಡಂ ಪರೀಕ್ಷೆಯ ಕೊಠಡಿಯಲ್ಲಿ ಕೂಡ ಯಾರ ಬೆನ್ನ ಹಿಂದೆಯೂ ಬಂದು ನಿಲ್ಲುತ್ತಿರಲಿಲ್ಲ. ಪಕ್ಕದಿಂದ, ಗಂಟಲು ಸರಿಮಾಡಿಕೊಳ್ಳುತ್ತಾ ಬರುತ್ತಿದ್ದರು. ಕಾಪಿ ಹೊಡೆಯುವವರಿಗೆ ಇದರಿಂದ ಅನುಕೂಲ ಆಗಿದ್ದೂ ನಿಜ.

ಆದರೆ ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಉಳಿದಿರುವುದು ನೋವಿನ ವಿಷಯಕ್ಕೆ ಅವರು ಹೇಳಿದ್ದು. ನಾಯಿ ಕಾಲು ತುಳಿದರೆ ಕುಂಯ್ ಅನ್ನುತ್ತೆ. ಕುದುರೆ ಅನ್ನುವುದಿಲ್ಲ. ಅದು ಬೇಟೆಯಾಗುವ ಪ್ರಾಣಿ. ಹಿಂಡಿನಲ್ಲಿ ಯಾವುದು ಕುಂಟುತ್ತೋ ಅದನ್ನೇ ಹುಲಿ ಆರಿಸಿಕೊಳ್ಳುವುದು. ಹಾಗಾಗಿ ನೋವನ್ನು ಮುಚ್ಚಿಟ್ಟುಕೊಂಡದ್ದು ಉಳಿಯಿತು, ತೋರಿಸಿದ್ದು ಉಳಿಯಲಿಲ್ಲ, ಆ ಅಭ್ಯಾಸ ರಕ್ತದಲ್ಲಿ ಬಂದುಬಿಟ್ಟಿದೆ. ಹೊಟ್ಟೆಶೂಲೆ ಬಂದರೆ ಕುದುರೆಗೆ ವಾಂತಿ ಕೂಡ ಮಾಡಲಾಗುವುದಿಲ್ಲ, ಅದರ ದೇಹರಚನೆಯೇ ಹಾಗಿದೆ. ಸುಮ್ಮನೆ ತಿರುಗಿ ತನ್ನ ಪಕ್ಕೆಯನ್ನು ನೋಡಿಕೊಳ್ಳುತ್ತೆ. ಅಷ್ಟೇ ಸೂಚನೆ. ಅದನ್ನು ಹಿಡಿಯಲು ಬಾರದವನು ಸೈಸ್ ಅಲ್ಲ. ಕಿವಿ ಬಿಗಿಯಾಗಿ ಹಿಂದಕ್ಕೆ ಹೋಗಿದೆಯಾ, ಕಣ್ಣಿನ ಮೇಲಿನ ಎಲುಬು ಎದ್ದು ಕಾಣುತ್ತಾ, ಮೂಗಿನ ಹೊಳ್ಳೆ ಬಿಗಿದಿದೆಯಾ, ಗದ್ದ ಗಟ್ಟಿಯಾಗಿದೆಯಾ ಅಂತ ನೋಡಬೇಕು. 2014ರಲ್ಲಿ ಇಟಲಿಯ ಮಿಲಾನ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಜೊತೆಗಾರರು ಕುದುರೆಯ ಮುಖ ನೋಡಿ ನೋವನ್ನು ಅಳೆಯುವ ಒಂದು ಮಾಪಕವನ್ನು ಪ್ರಕಟಿಸಿದರು. ಮುಖದಲ್ಲಿ ಆರು ಗುರುತು, ಒಂದೊಂದಕ್ಕೂ ಅಂಕ. ಅದನ್ನು ಮೊದಲ ಸಲ ಓದಿದಾಗ ನನಗೆ ಅಪರಿಚಿತ ಅನ್ನಿಸಲಿಲ್ಲ. ಹೆಚ್ಚುಕಡಿಮೆ ಅದೇ ಪಟ್ಟಿಯನ್ನು ಮೇಡಂ ನಮಗೆ ಲ್ಯಾಬಿನಲ್ಲಿ, ಸ್ಕ್ರೂಗೇಜ್ ಹಿಡಿದುಕೊಂಡು ಹೇಳಿದ್ದರು.

ಇನ್ನೂ ಒಂದು ಹೇಳಿದ್ದರು. ಅಪ್ಪ ಬೆಳಗ್ಗೆ ಲಾಯಕ್ಕೆ ಹೋದ ತಕ್ಷಣ ಮಾಡುತ್ತಿದ್ದ ಮೊದಲ ಕೆಲಸ ಮೇವು ಹಾಕುವುದೂ ಅಲ್ಲ, ಗುಡಿಸುವುದೂ ಅಲ್ಲ. ಪ್ರತಿ ಕುದುರೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ನಾಲ್ಕೂ ಕಾಲನ್ನು ಮೇಲಿನಿಂದ ಕೆಳಗೆ ಅಂಗೈಯಲ್ಲಿ ಸವರುವುದು. ಎಲ್ಲಿಯಾದರೂ ಬಿಸಿ ಇದೆಯಾ, ನಿನ್ನೆ ಇಲ್ಲದ ಊತ ಇದೆಯಾ, ಗಂಟು ಸಿಗುತ್ತಾ ಅಂತ. “ಕುದುರೆ ಹೇಳಲ್ಲ. ಕೈ ಹೇಳುತ್ತೆ.” ಒಂದು ದಿನವೂ ತಪ್ಪಿಸುತ್ತಿರಲಿಲ್ಲವಂತೆ, ಜ್ವರ ಬಂದಾಗಲೂ.

ನಾವು ಪಿಯುಸಿ ಮುಗಿಸಿ ಹೊರಟೆವು. ನಾನು ಬೆಂಗಳೂರಿಗೆ ಬಂದೆ, ಓದು ಮುಗಿಸಿ ಕೆಲಸಕ್ಕೆ ಸೇರಿದೆ. ಅದರ ಮರುವರ್ಷ ಗೆಳತಿಯೊಬ್ಬಳು ಫೋನ್ ಮಾಡಿ, ಮೇಡಂ ಕಿದ್ವಾಯಿಯಲ್ಲಿ ಅಡ್ಮಿಟ್ ಆಗಿದ್ದಾರಂತೆ ಅಂದಳು. ಕರ್ನಾಟಕದಲ್ಲಿ ಕಿದ್ವಾಯಿ ಅಂದರೆ ಸಾಕು, ಕಾಯಿಲೆಯ ಹೆಸರನ್ನು ಬೇರೆ ಹೇಳಬೇಕಾಗಿಲ್ಲ. ಬೀದರಿನಿಂದ ಚಾಮರಾಜನಗರದವರೆಗೆ ಯಾವ ಹಳ್ಳಿಯಲ್ಲಿ ಕೇಳಿದರೂ ಗೊತ್ತಾಗುತ್ತೆ. ಹೊಸೂರು ರಸ್ತೆಯಲ್ಲಿ ನನ್ನ ಆಫೀಸ್ ಬಸ್ ದಿನಾ ಅದರ ಮುಂದೆಯೇ ಹೋಗುತ್ತಿತ್ತು. ಶನಿವಾರ ಇಳಿದೆ.

ಸ್ತನದ ಕ್ಯಾನ್ಸರ್. ಗುರುತು ಹಿಡಿಯುವ ಹೊತ್ತಿಗೆ ಕಂಕುಳಿನ ಗ್ರಂಥಿಗೆ ಹರಡಿತ್ತು. ತಲೆಗೆ ಹತ್ತಿಬಟ್ಟೆ ಕಟ್ಟಿಕೊಂಡಿದ್ದ ಮೇಡಂ ನನ್ನನ್ನು ನೋಡಿ ಮೊದಲು ಕೇಳಿದ್ದು, “ಏನಮ್ಮಾ, ಸಾಫ್ಟ್‌ವೇರ್‌ನಲ್ಲಿ ಫಿಸಿಕ್ಸ್ ಎಲ್ಲಾದ್ರೂ ಬೇಕಾಗುತ್ತೇನೇ?” ಇಲ್ಲ ಮೇಡಂ ಅಂದೆ. “ಹಂಗಾದ್ರೆ ಎರಡು ವರ್ಷ ನಿನ್ನ ಸುಮ್ನೆ ಕೂರಿಸಿದೆ ನೋಡು.”

ಅಲ್ಲಿಂದ ಮುಂದಿನ ಹಲವು ಶನಿವಾರಗಳು ಹಾಗೆ ಹೋದವು. ಅವರ ತಂಗಿ ಊಟಕ್ಕೋ ಸ್ನಾನಕ್ಕೋ ಹೋದಾಗ ನಾನು ಪಕ್ಕದಲ್ಲಿ ಕೂರುತ್ತಿದ್ದೆ. ಮೊದಲು ಕೊಟ್ಟ ಔಷಧಿಗಳಲ್ಲಿ ಒಂದು ಕೆಂಪು ಬಣ್ಣದ್ದು, ಡಾಕ್ಸೋರುಬಿಸಿನ್. ಆಮೇಲೆ ಪ್ಯಾಕ್ಲಿಟಾಕ್ಸೆಲ್. ಎರಡನೆಯದರ ಹೆಸರನ್ನು ಅವರು ಚೀಟಿಯಲ್ಲಿ ಬರೆಸಿಕೊಂಡು, ಫೋನಿನಲ್ಲಿ ಹುಡುಕು ಅಂತ ನನಗೆ ಕೊಟ್ಟರು. ಹುಡುಕಿ ಓದಿ ಹೇಳಿದೆ: ಅಮೆರಿಕದ ಪಶ್ಚಿಮ ಕರಾವಳಿಯ ಯೂ ಅನ್ನುವ ಮರದ ತೊಗಟೆಯಲ್ಲಿ ಸಿಕ್ಕಿದ್ದು. ಅದರ ರಚನೆಯನ್ನು 1971ರಲ್ಲಿ ಪ್ರಕಟಿಸಿದವರಲ್ಲಿ ಮನ್ಸುಖ್ ವಾನಿ ಅಂತ ಭಾರತದಲ್ಲಿ ಹುಟ್ಟಿದ ವಿಜ್ಞಾನಿಯೂ ಇದ್ದರು. ಯೂ ಅನ್ನುವ ಪದ ಕೇಳಿದ್ದೇ ಮೇಡಂ ದಿಂಬಿನಿಂದ ಸ್ವಲ್ಪ ಎದ್ದರು. “ಯೂ ಮರಾನಾ? ಅದು ಕುದುರೆಗೆ ವಿಷ ಕಣೇ! ಒಂದಷ್ಟು ಸೊಪ್ಪು ತಿಂದ್ರೆ ಸಾಕು, ನಿಂತಲ್ಲೇ ಬೀಳುತ್ತೆ. ಪುಸ್ತಕದಲ್ಲಿ ಓದಿದ್ದೀನಿ.” ಆಮೇಲೆ ಡ್ರಿಪ್ಪಿನ ಕೊಳವೆಯನ್ನೇ ಸ್ವಲ್ಪ ಹೊತ್ತು ನೋಡುತ್ತಿದ್ದರು. “ನೋಡು, ಕುದುರೆ ಕೊಲ್ಲೋದನ್ನ ಕುದುರೆ ಮೇಡಂಗೆ ಕೊಡ್ತಿದಾರೆ.” ಪಕ್ಕದ ಮಂಚದ ಹಾಸನದ ಅಜ್ಜಿಗೂ ಅದನ್ನು ವಿವರಿಸಿ ನಗಿಸಿದರು.

ಆ ಔಷಧಿಯಿಂದ ಬೆರಳ ತುದಿ, ಅಂಗಾಲು ಜೋಮು ಹಿಡಿಯುತ್ತೆ. ಹಲವರಿಗೆ ಹಾಗಾಗುತ್ತೆ. “ಕಾಲಿಗೆ ಲಾಳ ಕಟ್ಟಿದಂಗಿದೆ. ನೆಲ ಇರೋದು ಗೊತ್ತಾಗುತ್ತೆ, ಹೆಂಗಿದೆ ಅಂತ ಗೊತ್ತಾಗಲ್ಲ” ಅಂದರು. ಚಾಕ್‌ಪೀಸ್ ಹಿಡಿಯಲು ಬರುತ್ತೋ ಇಲ್ಲವೋ ಅನ್ನುವುದೇ ಅವರ ಚಿಂತೆ.

ಒಂದು ಶನಿವಾರ ಧೈರ್ಯ ಮಾಡಿ ಕೇಳಿದೆ. ಯಾವಾಗ ಗೊತ್ತಾಯ್ತು ಮೇಡಂ ಅಂತ. ಸುಳ್ಳು ಹೇಳಲಿಲ್ಲ. ಒಂದು ವರ್ಷದ ಮೇಲಾಗಿತ್ತಂತೆ. ಸ್ನಾನ ಮಾಡುವಾಗ ಹುಣಸೆಬೀಜದಷ್ಟು ಗಂಟು ಕೈಗೆ ಸಿಕ್ಕಿತ್ತು. ಯಾರಿಗೂ ಹೇಳಲಿಲ್ಲ. ತಾಯಿ ಹಾಸಿಗೆ ಹಿಡಿದಿದ್ದರು, ಪರೀಕ್ಷೆ ಹತ್ತಿರ ಬಂತು, ತಮ್ಮನ ಮನೆ ಗೃಹಪ್ರವೇಶ ಬಂತು, ಆಮೇಲೆ ಮೌಲ್ಯಮಾಪನ. “ನೋವೇ ಇರಲಿಲ್ಲ ಕಣೇ. ನೋವಿದ್ದಿದ್ರೆ ಹೋಗ್ತಿದ್ದೆ.” ಅದೇ ಮೋಸ. ಇಂಥ ಗಂಟು ಶುರುವಿನಲ್ಲಿ ಬಹಳಷ್ಟು ಜನರಿಗೆ ನೋಯುವುದೇ ಇಲ್ಲ. ನೋಯುವುದಿಲ್ಲ ಅನ್ನುವುದನ್ನೇ ಜನ ಸಮಾಧಾನ ಅಂದುಕೊಳ್ಳುತ್ತಾರೆ.

“ಆಮೇಲೆ ನೋವು ಬಂತಲ್ಲ ಮೇಡಂ, ಆಗ?”

“ಆಗ ಅಭ್ಯಾಸ ಆಗಿತ್ತು.”

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ವಾರ್ಡಿನಲ್ಲಿ ಯಾರದೋ ಮೊಬೈಲಿನಲ್ಲಿ ಭಜನೆ. ನಾನು ಕೇಳಿಬಿಟ್ಟೆ, “ಕುದುರೆ ಮುಚ್ಚಿಡೋದು ಹುಲಿ ಭಯಕ್ಕೆ. ನಿಮಗೆ ಹುಲಿ ಯಾರು ಮೇಡಂ?” ಅವರು ತಕ್ಷಣ ಉತ್ತರ ಕೊಡಲಿಲ್ಲ. ಆಮೇಲೆ ನಿಧಾನವಾಗಿ, “ಹುಲಿ ಯಾರೂ ಇರಲಿಲ್ಲ. ಅದೇ ಬೇಜಾರು. ನಮ್ಮಪ್ಪ ನಲವತ್ತು ವರ್ಷ ದಿನಾ ಬೆಳಗ್ಗೆ ಯಾರದೋ ಕುದುರೆಯ ಕಾಲು ಸವರಿ ನೋಡಿದ್ರು. ಅವರ ಮಗಳು ನಾನು. ಕೈಗೆ ಸಿಕ್ಕಿದ ಗಂಟನ್ನ ಮತ್ತೆ ಸೆರಗಿನಲ್ಲಿ ಮುಚ್ಚಿದೆ” ಅಂದರು. ಅಳಲಿಲ್ಲ. ಲ್ಯಾಬ್ ರೆಕಾರ್ಡಿನಲ್ಲಿ ತಪ್ಪು ರೀಡಿಂಗ್ ಹಿಡಿದಾಗ ಹೇಗೆ ಹೇಳುತ್ತಿದ್ದರೋ ಹಾಗೆ ಹೇಳಿದರು.

ಶಸ್ತ್ರಚಿಕಿತ್ಸೆ ಆಯಿತು, ರೇಡಿಯೇಷನ್ ಆಯಿತು. ಅದಾದ ಮೇಲೆ ಸುಮಾರು ಒಂದು ವರ್ಷ ಚೆನ್ನಾಗಿದ್ದರು. ಮತ್ತೆ ಕಾಲೇಜಿಗೆ ಹೋದರು. ಬೇಡ ಅಂದವರಿಗೆ ಅವರದು ಒಂದೇ ಉತ್ತರ: ಕುದುರೆ ತುಂಬ ಹೊತ್ತು ಮಲಗಬಾರದು. ಇದೂ ನಿಜವೇ. ಅದರ ಕಾಲಿನ ಕೀಲು ಬೀಗ ಹಾಕಿದ ಹಾಗೆ ನಿಲ್ಲುವುದರಿಂದ ನಿಂತುಕೊಂಡೇ ತೂಕಡಿಸುತ್ತೆ. ಗಾಢನಿದ್ದೆಗೆ ಅಂತ ಸ್ವಲ್ಪ ಹೊತ್ತು ಮಾತ್ರ ಮಲಗುತ್ತೆ. ದಿನಗಟ್ಟಲೆ ಮಲಗಿದರೆ ಅದರ ಮೈಭಾರವೇ ಅದನ್ನು ಹಾಳುಮಾಡುತ್ತೆ.

ಆ ವರ್ಷದ ಕ್ಲಾಸಿನಲ್ಲಿ ಅವರು ಮಾಡಿದ್ದು ನನಗೆ ಗೊತ್ತಾಗಿದ್ದು ನನ್ನ ಚಿಕ್ಕಪ್ಪನ ಮಗಳಿಂದ. ಅವಳು ಆಗ ಅಲ್ಲಿ ಸೆಕೆಂಡ್ ಪಿಯುಸಿ. ಒಂದು ದಿನ ಮೇಡಂ ಪುಸ್ತಕ ತೆಗೆಯಲಿಲ್ಲವಂತೆ. ಹುಡುಗರೂ ಇದ್ದರು, ಹುಡುಗಿಯರೂ ಇದ್ದರು. ಯಾರನ್ನೂ ಹೊರಗೆ ಕಳಿಸಲಿಲ್ಲ. ನನಗೆ ಏನಾಗಿತ್ತು ಅಂತ ನೀವು ಹೊರಗೆ ಪಿಸುಗುಟ್ಟೋದು ಕೇಳಿದೆ, ನಾನೇ ಹೇಳ್ತೀನಿ ಅಂತ ಶುರುಮಾಡಿದರಂತೆ. ಸ್ತನ ಅನ್ನುವ ಪದ ಬಂದಾಗ ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದವರು ಇದ್ದರು. ಮೇಡಂ ನಿಲ್ಲಿಸಲಿಲ್ಲ. ಗಂಟು ಸಿಕ್ಕಿದ್ದು, ನೋವಿಲ್ಲದ್ದು, ಹೇಳದೆ ಇದ್ದದ್ದು, ಹದಿನಾಲ್ಕು ತಿಂಗಳು ಕಳೆದದ್ದು. ಬೋರ್ಡಿನ ಮೇಲೆ ಹದಿನಾಲ್ಕು ಅಂತ ಬರೆದರಂತೆ. ಆಮೇಲೆ ಅಪ್ಪ ಕುದುರೆಯ ಕಾಲು ಸವರುವ ಕತೆ. ಕಡೆಗೆ, “ಮನೆಗೆ ಹೋಗಿ ಅಮ್ಮನ್ನ ಕೇಳಿ. ಅಜ್ಜಿನ ಕೇಳಿ. ಹುಡುಗರಾ, ನೀವೂ ಕೇಳಿ. ನಾಚಿಕೆ ಆದ್ರೆ ಅಕ್ಕನ ಕೈಲಿ ಕೇಳಿಸಿ. ಸಿಕ್ಕಿದ ಗಂಟೆಲ್ಲ ಕ್ಯಾನ್ಸರ್ ಅಲ್ಲ, ಜಾಸ್ತಿ ಗಂಟುಗಳು ಅಲ್ಲ. ಆದ್ರೆ ಅದು ಅಲ್ಲ ಅಂತ ಹೇಳಬೇಕಾದೋರು ಡಾಕ್ಟರು, ನೀವಲ್ಲ.” ಆ ಪೀರಿಯಡ್ಡಿನಲ್ಲಿ ಮುಗಿಯಬೇಕಾಗಿದ್ದ ಪಾಠ ಲೆನ್ಸ್ ಸೂತ್ರ. ಅದನ್ನು ಮರುದಿನ ಎರಡು ಪಟ್ಟು ವೇಗದಲ್ಲಿ ಮಾಡಿದರು ಅಂತ ತಂಗಿ ದೂರು ಹೇಳಿದಳು.

ಪೋಷಕರೊಬ್ಬರು ಬಂದು ಪ್ರಿನ್ಸಿಪಾಲರ ಹತ್ತಿರ, ಗಂಡುಹುಡುಗರ ಮುಂದೆ ಇದೆಲ್ಲ ಬೇಕಿತ್ತಾ ಅಂತ ಕೇಳಿದರಂತೆ. ಬೇಕಿತ್ತು ಅಂತಲೇ ನನ್ನ ಅಭಿಪ್ರಾಯ. 2022ರ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಆ ಒಂದೇ ವರ್ಷ ಸುಮಾರು 1.92 ಲಕ್ಷ ಹೆಂಗಸರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂದಿದೆ, ಸುಮಾರು 98 ಸಾವಿರ ಮಂದಿ ಅದರಿಂದ ಸತ್ತಿದ್ದಾರೆ. ಬೇಗ ಹಿಡಿದರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚಿರುವ ಕಾಯಿಲೆ ಇದು. ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದವರು, ಬಸ್ ಚಾರ್ಜಿಗೆ ದುಡ್ಡು ಕೊಡಬೇಕಾದವರು ನಮ್ಮ ಮನೆಗಳಲ್ಲಿ ಯಾರು? ಆ ಹುಡುಗರೇ ಅಲ್ಲವಾ, ನಾಳೆ?

ಮರಳಿ ಬಂದಿದ್ದು ಶ್ವಾಸಕೋಶದಲ್ಲಿ. ಕೊನೆಯ ಸಲ ನಾನು ನೋಡಿದಾಗ ಮನೆಯಲ್ಲಿದ್ದರು, ಕುಣಿಗಲ್ಲಿನಲ್ಲಿ. ಆಕ್ಸಿಜನ್ ಯಂತ್ರ ಗೊರಗೊರ ಅನ್ನುತ್ತಿತ್ತು. ಮಲಗಲು ಆಗದೆ ದಿಂಬುಗಳಿಗೆ ಒರಗಿ ಕೂತೇ ಇರುತ್ತಿದ್ದರು. ಮಾತು ಎರಡೆರಡೇ ಪದ. “ಕುದುರೆ... ಬಾಯಲ್ಲಿ ಉಸಿರಾಡಲ್ಲ, ಗೊತ್ತಾ?” ಅಂದರು. ಗೊತ್ತು ಮೇಡಂ, ನೀವೇ ಹೇಳಿದ್ದು, ಮೂಗಲ್ಲಿ ಮಾತ್ರ, ಜೋರಾಗಿ ಓಡುವಾಗ ಒಂದು ಹೆಜ್ಜೆಗೆ ಒಂದು ಉಸಿರು ಅಂದೆ. ತಲೆಯಾಡಿಸಿದರು. ಬಾಯಿ ತೆರೆದೇ ಇತ್ತು. ನೋವಿದೆಯಾ ಅಂತ ಅವರ ತಂಗಿ ಕೇಳಿದಾಗ, “ಇದೆ. ತುಂಬ ಇದೆ. ಮಾತ್ರೆ ಕೊಡು” ಅಂದರು. ಆ ಮಾತು ಕೇಳಿ ನನಗೆ ಒಂಥರಾ ಸಮಾಧಾನ ಆಯಿತು. ಮಾರ್ಫಿನ್ ಮಾತ್ರೆ ಇತ್ತು, ಕೊಟ್ಟರು.

ಅದಾಗಿ ಎರಡು ವಾರ.

ಶ್ರದ್ಧಾಂಜಲಿ ಸಭೆ ಕಾಲೇಜಿನ ಹಾಲಿನಲ್ಲಿ. ಹೂವಿನ ಹಾರ ಹಾಕಿದ ಫೋಟೋ, ಊದುಬತ್ತಿ, ಮೈಕ್. ಮಾತಾಡಿದವರೆಲ್ಲ ಒಳ್ಳೆಯವರು, ಪ್ರೀತಿಯಿಂದಲೇ ಮಾತಾಡಿದರು. ಆದರೆ ಒಬ್ಬರಾದ ಮೇಲೆ ಒಬ್ಬರು ಹೇಳಿದ್ದು ಒಂದನ್ನೇ: ಎಂಥ ಸಹನಾಮೂರ್ತಿ, ಎಷ್ಟು ನೋವಿದ್ದರೂ ಯಾರಿಗೂ ತೋರಿಸಿಕೊಳ್ಳಲಿಲ್ಲ, ಒಂದು ದಿನ ರಜೆ ಹಾಕಲಿಲ್ಲ, ಕೊನೆಯವರೆಗೂ ನಗುನಗುತ್ತಾ ಇದ್ದರು. ಚಪ್ಪಾಳೆ ಕೂಡ ಬಿತ್ತು. ನನ್ನ ತಕರಾರು ಅಂದೆನಲ್ಲ, ಅದು ಇದೇ. ಅವರು ತೋರಿಸಿಕೊಳ್ಳಲಿಲ್ಲ ಅನ್ನುವುದನ್ನು ಗುಣ ಅಂತ ಹೊಗಳಿದ್ದು. ಅದನ್ನು ತಪ್ಪು ಅಂತ ಅವರೇ ಬೋರ್ಡಿನ ಮೇಲೆ ಬರೆದು, ಅರವತ್ತು ಮಕ್ಕಳ ಮುಂದೆ ಹೇಳಿದ್ದರಲ್ಲ. ಆ ಪೀರಿಯಡ್ಡಿನ ವಿಷಯ ವೇದಿಕೆಯ ಮೇಲೆ ಒಬ್ಬರೂ ಎತ್ತಲಿಲ್ಲ. ಗಂಡಸರೊಬ್ಬರು ಕಾಯಿಲೆ ಮುಚ್ಚಿಟ್ಟು ಸತ್ತರೆ ನಾವು ಹಠಮಾರಿ, ಮಾತು ಕೇಳಲಿಲ್ಲ ಅನ್ನುತ್ತೇವೆ. ಹೆಂಗಸು ಮುಚ್ಚಿಟ್ಟರೆ ಸಹನಾಮೂರ್ತಿ.

ಹಾಲಿನಿಂದ ಹೊರಗೆ ಬಂದಾಗ ಮೆಟ್ಟಿಲ ಮೇಲೆ ಒಬ್ಬರು ಅಜ್ಜ ಕೂತಿದ್ದರು. ಖಾಕಿ ಬಣ್ಣ ಮಾಸಿದ ಹಳೇ ಷರಟು, ಪಕ್ಕದಲ್ಲಿ ಕೋಲು. ಒಳಗೆ ಬಂದಿರಲಿಲ್ಲ. ಮೇಡಂ ಅವರ ತಂದೆಯ ಜೊತೆ ಲಾಯದಲ್ಲಿ ಕೆಲಸ ಮಾಡಿದವರು ಅಂತ ಗೊತ್ತಾಯಿತು. ಮೇಡಂ ಹುಟ್ಟಿದ್ದನ್ನು ನೋಡಿದವರು, ಬುತ್ತಿ ತರುತ್ತಿದ್ದ ಹುಡುಗಿಯನ್ನು ನೋಡಿದವರು. ನಾನು ಪಕ್ಕದಲ್ಲಿ ಕೂತೆ.

“ಎಷ್ಟು ದಿನದಿಂದ ಊಟ ಬಿಟ್ಟಿತ್ತು ತಾಯಿ, ಮಗು?” ಅಂತ ಕೇಳಿದರು.

ಕೊನೆಯ ಹತ್ತು ದಿನ ಏನೂ ಸೇರುತ್ತಿರಲಿಲ್ಲ ಅಜ್ಜ, ಆದರೆ ಊಟ ಕಮ್ಮಿ ಆಗಿ ಎರಡು ವರ್ಷದ ಮೇಲಾಗಿತ್ತು ಅಂದೆ. ಅಜ್ಜ ಬೆರಳು ಮಡಚಿ ಏನೋ ಎಣಿಸಿದರು. ಆಮೇಲೆ ನನ್ನ ಕಡೆ ನೋಡದೆ, ತಮ್ಮಷ್ಟಕ್ಕೆ ತಾವೇ ಅನ್ನುವ ಹಾಗೆ, “ನಮ್ಮ ಲಾಯದಲ್ಲಿ ಒಂದ್ಹೊತ್ತು ಹುರುಳಿ ಬಿಟ್ರೆ ಸಾಕು, ಡಾಕ್ಟರಿಗೆ ಹೇಳಿ ಕಳಿಸ್ತಿದ್ವಿ” ಅಂದರು. ಕೋಲು ಊರಿ ಎದ್ದು, ಚಪ್ಪಲಿ ಹುಡುಕಿಕೊಂಡು, ಫಾರಂ ಕಡೆಗೆ ಹೋಗುವ ರಸ್ತೆಯಲ್ಲಿ ನಡೆದರು.